ಗೇಟಿಗೆ ಬರುವ ಅಧಿಕಾರಿ, ಕಚೇರಿಯಿಂದ ಹೋಗುವ ಮಾಹಿತಿ

ಅಂಧೇರಿಯ ಚಕಾಲಾ, ಮರೋಲ್, ಡಿ.ಎನ್. ನಗರದ ಕನ್ನಡ ಮನೆಗಳಲ್ಲಿ ಅಮೆರಿಕದಲ್ಲಿ ಓದುವ ಮಕ್ಕಳಿರುವುದು ಈಗ ದೊಡ್ಡ ಸುದ್ದಿಯೇನಲ್ಲ. ಅಜ್ಜ ಊರಿಂದ ಬಂದು ಹೋಟೆಲಿನಲ್ಲಿ ದುಡಿಯುತ್ತ ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದವರು; ಮಗ ಬ್ಯಾಂಕಿಗೋ ಸೀಪ್ಜ್‌ನ ಕಂಪನಿಗೋ ಸೇರಿದವರು; ಮೊಮ್ಮಗಳು ಟೆಕ್ಸಾಸಿನಲ್ಲಿ ಎಂ.ಎಸ್. ಮಾಡುತ್ತಿದ್ದಾಳೆ. 2024-25ನೇ ಸಾಲಿನಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಅಥವಾ ಓದು ಮುಗಿಸಿ ತರಬೇತಿಯಲ್ಲಿದ್ದ ಭಾರತೀಯರು 3,63,019. ಆ ದೇಶಕ್ಕೆ ಓದಲು ಬಂದವರಲ್ಲಿ ನಮ್ಮವರದೇ ಮೊದಲ ಸ್ಥಾನ.

2025ರ ಮಾರ್ಚ್‌ನಿಂದೀಚೆಗೆ ಇಂಥ ಮನೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಏಳುತ್ತಿದೆ. ವಲಸೆ ಇಲಾಖೆಯ ಅಧಿಕಾರಿಗಳು ಕ್ಯಾಂಪಸ್ಸಿಗೇ ಬಂದರೆ ವಿಶ್ವವಿದ್ಯಾಲಯ ಏನು ಮಾಡುತ್ತದೆ? ಅವರನ್ನು ತಡೆಯುತ್ತದೆಯೇ, ಹಾಸ್ಟೆಲ್ ಕೋಣೆಯ ತನಕ ಕರೆದೊಯ್ಯುತ್ತದೆಯೇ, ಮಗಳಿಗೆ ಮೊದಲೇ ತಿಳಿಸುತ್ತದೆಯೇ? ಈ ಪ್ರಶ್ನೆಗೆ ಒಂದು ಜೋಡಿ ಪ್ರಶ್ನೆಯೂ ಇದೆ. ಕಲೀನಾದ ಮುಂಬೈ ವಿಶ್ವವಿದ್ಯಾಲಯಕ್ಕೆ, ಪವಾಯಿಯ ಐಐಟಿಗೆ ಬೇರೆ ದೇಶಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ಅವರನ್ನು ಹುಡುಕಿಕೊಂಡು ಇಲ್ಲಿ ಅಧಿಕಾರಿ ಬಂದರೆ ನಮ್ಮ ಕಾಲೇಜುಗಳು ಏನು ಮಾಡಬೇಕು? ಎರಡು ದೇಶಗಳ ಉತ್ತರ ಒಂದೇ ಅಲ್ಲ. ಅಲ್ಲಿನ ಉತ್ತರವನ್ನು ಇಲ್ಲಿಗೆ ಹಾಗೇ ಎತ್ತಿಕೊಂಡು ಬಂದರೆ ತಪ್ಪಾಗುತ್ತದೆ. ಯಾಕೆ ಎಂಬುದನ್ನು ನಿಧಾನವಾಗಿ ನೋಡೋಣ.

ಮೊದಲು ಅಮೆರಿಕ. ಶಾಲೆ, ಕಾಲೇಜು, ಆಸ್ಪತ್ರೆ, ಪ್ರಾರ್ಥನಾ ಮಂದಿರಗಳಲ್ಲಿ ಆದಷ್ಟು ಮಟ್ಟಿಗೆ ವಲಸೆ ಕಾರ್ಯಾಚರಣೆ ನಡೆಸಬಾರದು ಎಂಬ ಸೂಚನೆಯನ್ನು ಅಲ್ಲಿನ ಇಲಾಖೆ 2011ರಲ್ಲಿ ತನ್ನ ಸಿಬ್ಬಂದಿಗೆ ಕೊಟ್ಟಿತ್ತು. 2021ರಲ್ಲಿ ಅದನ್ನು ಇನ್ನಷ್ಟು ವಿಸ್ತರಿಸಲಾಯಿತು. ಇದು ಸಂಸತ್ತು ಮಾಡಿದ ಕಾನೂನಾಗಿರಲಿಲ್ಲ, ಇಲಾಖೆ ತನಗೆ ತಾನೇ ಹಾಕಿಕೊಂಡ ಕಟ್ಟುಪಾಡು. ಹಾಗಾಗಿ 2025ರ ಜನವರಿಯಲ್ಲಿ ಹೊಸ ಸರ್ಕಾರ ಬಂದ ಕೂಡಲೇ ಒಂದು ಆದೇಶದಲ್ಲಿ ಅದನ್ನು ತೆಗೆದುಹಾಕಲು ಸಾಧ್ಯವಾಯಿತು. ಅಲ್ಲಿಗೆ ಕ್ಯಾಂಪಸ್ಸಿಗಿದ್ದ ವಿಶೇಷ ರಕ್ಷಣೆ ಹೋಯಿತು. ಎಲ್ಲ ಮನೆಗೂ, ಎಲ್ಲ ವ್ಯಕ್ತಿಗೂ ಇರುವ ಸಾಮಾನ್ಯ ರಕ್ಷಣೆ ಮಾತ್ರ ಉಳಿಯಿತು. ಅದು ಬರುವುದು ಅಮೆರಿಕದ ಸಂವಿಧಾನದ ನಾಲ್ಕನೇ ತಿದ್ದುಪಡಿಯಿಂದ. ಸಕಾರಣವಿಲ್ಲದ ಶೋಧ ಕೂಡದು ಎನ್ನುವ ತಿದ್ದುಪಡಿ ಅದು.

ಈ ರಕ್ಷಣೆ ಕ್ಯಾಂಪಸ್ಸಿನಲ್ಲಿ ಕೆಲಸ ಮಾಡುವುದು ಜಾಗವನ್ನು ನೋಡಿಕೊಂಡು. ಯಾರು ಬೇಕಾದರೂ ನಡೆದು ಬರಬಹುದಾದ ಹುಲ್ಲುಹಾಸು, ರಸ್ತೆ, ಬಾಗಿಲು ತೆರೆದಿರುವ ಸಭಾಂಗಣ ಇವೆಲ್ಲ ಸಾರ್ವಜನಿಕ ಜಾಗ. ಅಲ್ಲಿಗೆ ಬರಲು ಅಧಿಕಾರಿಗೆ ಯಾರ ಒಪ್ಪಿಗೆಯೂ ಬೇಡ. ಹಾಸ್ಟೆಲ್ ಕೋಣೆ, ಕಾರ್ಡ್ ತೋರಿಸಿ ಒಳಹೋಗುವ ಪ್ರಯೋಗಾಲಯ, ಅಧ್ಯಾಪಕರ ಕೊಠಡಿ ಇವು ಖಾಸಗಿ ಅಥವಾ ನಿರ್ಬಂಧಿತ ಜಾಗ. ಅಲ್ಲಿಗೆ ಒಳಗಿರುವವರ ಒಪ್ಪಿಗೆ ಬೇಕು, ಇಲ್ಲವೇ ನ್ಯಾಯಾಧೀಶರ ಸಹಿಯಿರುವ ವಾರಂಟ್ ಬೇಕು.

ಗೊಂದಲ ಶುರುವಾಗುವುದು ಇಲ್ಲಿ. ಅಧಿಕಾರಿಯ ಕೈಯಲ್ಲಿ ವಾರಂಟ್ ಎಂದು ತಲೆಬರಹವಿರುವ ಕಾಗದ ಇರುತ್ತದೆ, ಆದರೆ ಎಲ್ಲ ವಾರಂಟೂ ಒಂದೇ ಅಲ್ಲ. ಐ-200 ಎಂಬ ನಮೂನೆಯನ್ನೇ ತೆಗೆದುಕೊಳ್ಳಿ. ಮೇಲ್ಗಡೆ ಗೃಹಭದ್ರತಾ ಇಲಾಖೆಯ ಹೆಸರು, ನಡುವೆ ಬಂಧಿಸಬೇಕಾದ ವ್ಯಕ್ತಿಯ ಹೆಸರು, ಅವರನ್ನು ಗಡೀಪಾರು ಮಾಡಬಹುದು ಎನ್ನಲು ಕಾರಣಗಳು, ಕೆಳಗೆ ಸಹಿ. ಆ ಸಹಿ ವಲಸೆ ಇಲಾಖೆಯ ಅಧಿಕಾರಿಯದೇ. ಇಲಾಖೆ ತನಗೆ ತಾನೇ ಬರೆದುಕೊಂಡ ಅಪ್ಪಣೆಯಾದ್ದರಿಂದ ಇದನ್ನು ಆಡಳಿತಾತ್ಮಕ ವಾರಂಟ್ ಎನ್ನುತ್ತಾರೆ. ಇದನ್ನು ಹಿಡಿದು ಬಯಲಿನಲ್ಲಿ ಕಂಡವರನ್ನು ಬಂಧಿಸಬಹುದು, ಮುಚ್ಚಿದ ಬಾಗಿಲನ್ನು ತೆರೆಸುವಂತಿಲ್ಲ ಎಂಬುದು ಅಲ್ಲಿ ಬಹುಕಾಲದಿಂದ ಒಪ್ಪಿಕೊಂಡು ಬಂದಿರುವ ನಿಯಮ. ಇನ್ನೊಂದು ಬಗೆಯ ವಾರಂಟಿನಲ್ಲಿ ಮೇಲ್ಗಡೆ ನ್ಯಾಯಾಲಯದ ಹೆಸರು, ಕೆಳಗೆ ನ್ಯಾಯಾಧೀಶರ ಸಹಿ ಇರುತ್ತದೆ. ಯಾವ ವಿಳಾಸಕ್ಕೆ, ಯಾವ ದಿನದೊಳಗೆ ಎಂದೂ ಬರೆದಿರುತ್ತದೆ. ಅದು ಬಂದರೆ ಬಾಗಿಲು ತೆರೆಯಲೇಬೇಕು.

ಇದು ಬರೀ ಪುಸ್ತಕದ ಮಾತಲ್ಲ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಭಾರತೀಯ ವಿದ್ಯಾರ್ಥಿನಿಯೊಬ್ಬರ ವೀಸಾವನ್ನು 2025ರ ಮಾರ್ಚ್ 5ರಂದು ರದ್ದು ಮಾಡಲಾಯಿತು. ಎರಡು ದಿನ ಬಿಟ್ಟು ಅಧಿಕಾರಿಗಳು ಅವರು ವಾಸವಿದ್ದ ವಿಶ್ವವಿದ್ಯಾಲಯದ ವಸತಿಯ ಬಾಗಿಲು ತಟ್ಟಿದರು. ಜೊತೆಗಿದ್ದ ಗೆಳತಿ ಬಾಗಿಲು ತೆರೆಯಲಿಲ್ಲ, ಒಳಗಿಂದಲೇ ಮಾತಾಡಿದರು. ಮರುದಿನ ಮತ್ತೆ ಬಂದರು, ಆಗಲೂ ಬಾಗಿಲು ತೆರೆಯಲಿಲ್ಲ. ಮಾರ್ಚ್ 11ಕ್ಕೆ ಆ ವಿದ್ಯಾರ್ಥಿನಿ ಕೆನಡಾಕ್ಕೆ ಹೊರಟುಹೋದರು. ಮಾರ್ಚ್ 13ರ ರಾತ್ರಿ ಅಧಿಕಾರಿಗಳು ಕೊಲಂಬಿಯಾದ ಎರಡು ವಸತಿಗಳಿಗೆ ನ್ಯಾಯಾಧೀಶರ ಸಹಿಯಿದ್ದ ವಾರಂಟ್ ಹಿಡಿದೇ ಬಂದರು. ವಿಶ್ವವಿದ್ಯಾಲಯ ಒಳಗೆ ಬಿಟ್ಟಿತು, ಬಿಡದೆ ದಾರಿಯಿರಲಿಲ್ಲ. ಶೋಧ ನಡೆಯಿತು, ಯಾರನ್ನೂ ಬಂಧಿಸಲಿಲ್ಲ, ಏನನ್ನೂ ಒಯ್ಯಲಿಲ್ಲ. ಅದೇ ಬಾಗಿಲು ಮೊದಲ ಎರಡು ಸಲ ಮುಚ್ಚಿಯೇ ಉಳಿದದ್ದಕ್ಕೂ ಮೂರನೇ ಸಲ ತೆರೆದದ್ದಕ್ಕೂ ಕಾರಣ ಕಾಗದದ ಮೇಲಿನ ಸಹಿ.

ಹೀಗಾಗಿ ಅಮೆರಿಕದ ವಿಶ್ವವಿದ್ಯಾಲಯಗಳು ತಮ್ಮ ಸಿಬ್ಬಂದಿಗೆ ಕೊಡುವ ಸೂಚನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವು. ಅಧಿಕಾರಿ ಬಂದರೆ ಅಡ್ಡ ನಿಲ್ಲಬೇಡಿ, ಹಾಗೆಂದು ಒಪ್ಪಿಗೆಯನ್ನೂ ಕೊಡಬೇಡಿ. ಹೆಸರು, ಬ್ಯಾಡ್ಜ್ ಸಂಖ್ಯೆ ಕೇಳಿ ಬರೆದುಕೊಳ್ಳಿ. ನನಗೆ ಅಧಿಕಾರವಿಲ್ಲ, ಅಧಿಕಾರವಿರುವವರನ್ನು ಕರೆಯುತ್ತೇನೆ ಎಂದು ಹೇಳಿ ಕ್ಯಾಂಪಸ್ ಪೊಲೀಸರಿಗೆ ಅಥವಾ ಕಾನೂನು ವಿಭಾಗಕ್ಕೆ ಫೋನ್ ಮಾಡಿ. ವಿದ್ಯಾರ್ಥಿಯನ್ನು ಬಚ್ಚಿಡಬೇಡಿ, ಸುಳ್ಳು ಹೇಳಬೇಡಿ, ಅದು ಅಪರಾಧ. ಇದರ ತಿರುಳು ಇಷ್ಟೇ: ಮೇಜಿನ ಮುಂದೆ ಕುಳಿತ ಗುಮಾಸ್ತೆ ಆ ಕ್ಷಣದಲ್ಲಿ ಕಾನೂನು ಅರ್ಥ ಮಾಡಿಕೊಂಡು ತೀರ್ಮಾನ ಮಾಡುವ ಪರಿಸ್ಥಿತಿ ಬರಬಾರದು.

ಆದರೆ ಬಾಗಿಲಿನ ಕತೆ ಅರ್ಧ ಮಾತ್ರ. ಉಳಿದರ್ಧ ಕಂಪ್ಯೂಟರಿನಲ್ಲಿದೆ. 2003ರಿಂದ ಅಮೆರಿಕದಲ್ಲಿ ಸೆವಿಸ್ ಎಂಬ ವಿದ್ಯಾರ್ಥಿ ಮಾಹಿತಿ ಜಾಲವಿದೆ. ವಿದೇಶಿ ವಿದ್ಯಾರ್ಥಿಯ ವಿಳಾಸ, ಕೋರ್ಸು, ಎಷ್ಟು ವಿಷಯ ತೆಗೆದುಕೊಂಡಿದ್ದಾನೆ, ಕೋರ್ಸು ಬಿಟ್ಟನೇ ಎಂಬುದನ್ನೆಲ್ಲ ವಿಶ್ವವಿದ್ಯಾಲಯದ ನಿಯೋಜಿತ ಸಿಬ್ಬಂದಿಯೇ ಅದರಲ್ಲಿ ತುಂಬಬೇಕು. ವಿದ್ಯಾರ್ಥಿಗಳ ದಾಖಲೆಯ ಗೋಪ್ಯತೆಗೆ ಅಲ್ಲಿ 1974ರ ಕಾನೂನೊಂದಿದೆ, ನಿಜ. ಆದರೆ ವಿದೇಶಿ ವಿದ್ಯಾರ್ಥಿಯ ವಿಷಯದಲ್ಲಿ ಈ ಜಾಲಕ್ಕೆ ಬೇಕಾದ ಮಾಹಿತಿಯ ಮಟ್ಟಿಗೆ ಆ ಗೋಪ್ಯತೆ ಅನ್ವಯಿಸುವುದಿಲ್ಲ. 2025ರ ಮಾರ್ಚ್, ಏಪ್ರಿಲ್‌ನಲ್ಲಿ ಸರ್ಕಾರ ಇದೇ ಜಾಲದಲ್ಲಿ 4,700ಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆಯನ್ನು ಮುಕ್ತಾಯಗೊಳಿಸಿತು. ಯಾವ ಅಧಿಕಾರಿಯೂ ಯಾವ ಗೇಟಿಗೂ ಬರಲಿಲ್ಲ. ಎಷ್ಟೋ ಕಡೆ ವಿಶ್ವವಿದ್ಯಾಲಯಕ್ಕೆ ಇದು ಗೊತ್ತಾದದ್ದು ತಾನೇ ಕಂಪ್ಯೂಟರ್ ತೆರೆದು ನೋಡಿದಾಗ. ವಲಸೆ ವಕೀಲರ ಸಂಘ ಸಂಗ್ರಹಿಸಿದ 327 ಪ್ರಕರಣಗಳಲ್ಲಿ ಅರ್ಧದಷ್ಟು ಭಾರತೀಯರವು. ವಿದ್ಯಾರ್ಥಿಗಳು ಊರೂರಲ್ಲಿ ಮೊಕದ್ದಮೆ ಹೂಡಿದ ಮೇಲೆ ಏಪ್ರಿಲ್ 25ರಿಂದ ದಾಖಲೆಗಳನ್ನು ಮರಳಿ ಜೀವಂತಗೊಳಿಸಲಾಯಿತು. ಅದರ ಮುಂದಿನ ತಿಂಗಳು ಹಾರ್ವರ್ಡಿನ ಸರದಿ. ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಕೇಳಿದ ಮಾಹಿತಿಯನ್ನು ಪೂರ್ತಿ ಕೊಡಲಿಲ್ಲ ಎಂದು ಅವರನ್ನು ಸೇರಿಸಿಕೊಳ್ಳುವ ಅರ್ಹತೆಯನ್ನೇ ಮೇ 22ರಂದು ಸರ್ಕಾರ ಹಿಂತೆಗೆದುಕೊಂಡಿತು. ಮರುದಿನವೇ ನ್ಯಾಯಾಲಯ ಅದನ್ನು ತಡೆಯಿತು.

ಇನ್ನೂ ಹಿಂದಕ್ಕೆ ಹೋದರೆ 2011ರ ಟ್ರೈ-ವ್ಯಾಲಿ ವಿಶ್ವವಿದ್ಯಾಲಯ ನೆನಪಾಗುತ್ತದೆ. ಕ್ಯಾಲಿಫೋರ್ನಿಯಾದ ಆ ಸಂಸ್ಥೆ ವೀಸಾ ಕಾಗದ ಮಾರುತ್ತಿತ್ತೆಂದು ಅಧಿಕಾರಿಗಳು ಅದನ್ನು ಮುಚ್ಚಿಸಿದರು. ಅಲ್ಲಿ ಸೇರಿದ್ದ ಭಾರತೀಯ ವಿದ್ಯಾರ್ಥಿಗಳಲ್ಲಿ ಕೆಲವರ ಕಾಲಿಗೆ ರೇಡಿಯೋ ಪಟ್ಟಿ ಕಟ್ಟಿದರು. ನಮ್ಮ ಸರ್ಕಾರ ಬಲವಾಗಿ ಪ್ರತಿಭಟಿಸಿತು. ಪರದೇಶದಲ್ಲಿ ನಮ್ಮ ಮಕ್ಕಳ ಘನತೆಗೆ ಧಕ್ಕೆ ಬಂದರೆ ನಮಗೆ ಎಷ್ಟು ನೋವಾಗುತ್ತದೆ ಎಂಬುದು ಆಗ ಇಡೀ ದೇಶಕ್ಕೆ ಗೊತ್ತಾಯಿತು. ಇಲ್ಲಿಗೆ ಓದಲು ಬಂದ ಬೇರೆಯವರ ಮಕ್ಕಳ ವಿಷಯಕ್ಕೆ ಬರುವಾಗಲೂ ಆ ನೋವು ನೆನಪಿನಲ್ಲಿರುವುದು ಒಳ್ಳೆಯದು.

ಈಗ ಮುಂಬೈಗೆ ಬರೋಣ. ನಮ್ಮಲ್ಲಿ ವಲಸೆಯ ಕೆಲಸ ನೋಡಿಕೊಳ್ಳುವುದು ಕೇಂದ್ರ ಗೃಹ ಸಚಿವಾಲಯದ ಇಮಿಗ್ರೇಷನ್ ಬ್ಯೂರೋ. ಅಂಧೇರಿಯವರಿಗೆ ಅದರ ಮುಖ ಚೆನ್ನಾಗಿ ಗೊತ್ತು: ಸಹಾರ್ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವವರು ಅವರೇ. ವಿದೇಶಿಯರು ಊರೊಳಗೆ ಬಂದ ಮೇಲೆ ಅವರ ಲೆಕ್ಕ ಇಡುವುದು ಇದೇ ಬ್ಯೂರೋದ ಎಫ್‌ಆರ್‌ಆರ್‌ಒ, ಅಂದರೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ. ದಕ್ಷಿಣ ಮುಂಬೈಯಲ್ಲಿ ಸೇಂಟ್ ಝೇವಿಯರ್ಸ್ ಕಾಲೇಜಿನ ಹಿಂದಿನ ರಸ್ತೆಯಲ್ಲಿದ್ದ ಆ ಕಚೇರಿಯಲ್ಲಿ ಪರದೇಶದ ವಿದ್ಯಾರ್ಥಿಗಳು ಬೋನಫೈಡ್ ಸರ್ಟಿಫಿಕೇಟ್, ಬಾಡಿಗೆ ಕರಾರು, ಫೋಟೋಗಳ ಕಟ್ಟು ಹಿಡಿದು ಸರತಿಯಲ್ಲಿ ನಿಲ್ಲುತ್ತಿದ್ದರು. 2018ರಲ್ಲಿ ಇ-ಎಫ್‌ಆರ್‌ಆರ್‌ಒ ಬಂದ ಮೇಲೆ ಹೆಚ್ಚಿನ ಕೆಲಸ ಆನ್‌ಲೈನ್ ಆಗಿದೆ.

ಕಾನೂನೂ ಬದಲಾಗಿದೆ. 1920, 1939, 1946 ಮತ್ತು 2000ದ ನಾಲ್ಕು ಕಾಯ್ದೆಗಳನ್ನು ರದ್ದುಮಾಡಿ ಸಂಸತ್ತು ವಲಸೆ ಮತ್ತು ವಿದೇಶಿಯರ ಕಾಯ್ದೆ, 2025ನ್ನು ತಂದಿತು. 2025ರ ಸೆಪ್ಟೆಂಬರ್ 1ರಿಂದ ಅದು ಜಾರಿಯಲ್ಲಿದೆ. 180 ದಿನಕ್ಕೂ ಹೆಚ್ಚಿನ ವೀಸಾದ ಮೇಲೆ ಬಂದ ವಿದ್ಯಾರ್ಥಿ 14 ದಿನದೊಳಗೆ ನೋಂದಾಯಿಸಿಕೊಳ್ಳಬೇಕು. ಅವನಿಗೆ ಇರಲು ಜಾಗ ಕೊಟ್ಟವರು, ಅದು ಹಾಸ್ಟೆಲ್ ಆಗಿರಲಿ, ವರ್ಸೋವಾದ ಪೇಯಿಂಗ್ ಗೆಸ್ಟ್ ಆಗಿರಲಿ, ಲೋಖಂಡ್‌ವಾಲಾದ ಬಾಡಿಗೆ ಫ್ಲ್ಯಾಟ್ ಆಗಿರಲಿ, 24 ಗಂಟೆಯೊಳಗೆ ವರದಿ ಮಾಡಬೇಕು. ಫಾರ್ಮ್ ಸಿ ಎಂಬ ಹೆಸರಿನಲ್ಲಿ ಇದು ಬಹುಕಾಲದಿಂದ ನಡೆದು ಬಂದಿದೆ. ಸೇರಿಸಿಕೊಂಡ ಕಾಲೇಜು ಕೂಡ ಪ್ರತ್ಯೇಕ ಮಾಹಿತಿ ಸಲ್ಲಿಸಬೇಕು. ಕಾಲೇಜು ಕಚೇರಿಗಳಲ್ಲಿ ಇದು ಫಾರ್ಮ್ ಎಸ್ ಎಂದೇ ಪರಿಚಿತ. ಹೊಸ ನಿಯಮಗಳಲ್ಲಿ ಹಾಜರಿ, ಓದಿನ ಪ್ರಗತಿ, ನಡವಳಿಕೆಯ ಮಾಹಿತಿಯನ್ನು ಕೊಡುವ ಹೊಣೆಯೂ ಸೇರಿದೆ.

ಅಂದರೆ ನಮ್ಮಲ್ಲಿ ವಿದೇಶಿ ವಿದ್ಯಾರ್ಥಿಯ ಬಗ್ಗೆ ತಿಳಿಯಲು ಅಧಿಕಾರಿ ಕ್ಯಾಂಪಸ್ಸಿಗೆ ಬರಬೇಕಾದ ಸಂದರ್ಭವೇ ಕಡಿಮೆ. ಕ್ಯಾಂಪಸ್ಸೇ ಅವನಿಗೆ ವರದಿ ಕಳಿಸುತ್ತಿರುತ್ತದೆ. ನಮ್ಮ ಹೌಸಿಂಗ್ ಸೊಸೈಟಿಯ ವಾಚ್‌ಮನ್ ಬಂದವರ ಹೆಸರು, ಫ್ಲ್ಯಾಟ್ ನಂಬರು, ಬಂದ ಕೆಲಸ ಎಲ್ಲ ರಿಜಿಸ್ಟರಿನಲ್ಲಿ ಬರೆಸಿಕೊಳ್ಳುವ ಹಾಗೆ, ಕಾನೂನು ಕಾಲೇಜಿಗೂ ಒಂದು ರಿಜಿಸ್ಟರ್ ಕೊಟ್ಟು ಕೂರಿಸಿದೆ. ಒಂದೇ ವ್ಯತ್ಯಾಸವೆಂದರೆ, ಸೊಸೈಟಿಯ ರಿಜಿಸ್ಟರಿನಲ್ಲಿ ಏನು ಬರೆದಿದೆ ಎಂದು ಬಂದವನಿಗೆ ಗೊತ್ತಿರುತ್ತದೆ, ಏಕೆಂದರೆ ಬರೆದವನು ಅವನೇ.

2019-20ರ ಮೂರು ಪ್ರಕರಣಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಪೌರತ್ವ ಕಾಯ್ದೆಯ ತಿದ್ದುಪಡಿಯ ವಿರುದ್ಧ ಪ್ರತಿಭಟನೆ ನಡೆಯುತ್ತಿದ್ದ ಸಮಯ ಅದು. ಮದ್ರಾಸ್ ಐಐಟಿಗೆ ವಿನಿಮಯ ವಿದ್ಯಾರ್ಥಿಯಾಗಿ ಬಂದಿದ್ದ ಜರ್ಮನ್ ಯುವಕ, ಶಾಂತಿನಿಕೇತನದ ವಿಶ್ವಭಾರತಿಯಲ್ಲಿದ್ದ ಬಾಂಗ್ಲಾದೇಶದ ವಿದ್ಯಾರ್ಥಿನಿ, ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದಲ್ಲಿದ್ದ ಪೋಲೆಂಡಿನ ವಿದ್ಯಾರ್ಥಿ, ಈ ಮೂವರಿಗೂ ದೇಶ ಬಿಡಲು ಹೇಳಲಾಯಿತು. ಹಾಸ್ಟೆಲಿಗೆ ದಾಳಿಯೇನೂ ನಡೆಯಲಿಲ್ಲ. ನೋಂದಣಿ ಕಚೇರಿ ಅವರನ್ನು ಕರೆಸಿಕೊಂಡು ಹೇಳಿತು, ಇಲ್ಲವೇ ನೋಟಿಸ್ ಕೊಟ್ಟಿತು. ಜರ್ಮನ್ ಯುವಕ ಹೊರಟುಹೋದ. ಪೋಲೆಂಡಿನ ವಿದ್ಯಾರ್ಥಿ ಕಲ್ಕತ್ತಾ ಹೈಕೋರ್ಟಿಗೆ ಹೋದ. 2020ರ ಮಾರ್ಚ್‌ನಲ್ಲಿ ನ್ಯಾಯಾಲಯ ಆ ನೋಟಿಸನ್ನು ರದ್ದುಮಾಡಿತು. ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು ಎಂದು ಗೊತ್ತಿದ್ದವನಿಗೆ ದಾರಿ ಸಿಕ್ಕಿತು. ಇಂಥ ಹೊತ್ತಿನಲ್ಲಿ ಕೈಹಿಡಿಯಬೇಕಾದದ್ದು ಮೊದಲು ಕಾಲೇಜು.

ಇಷ್ಟಾದರೂ ಅಧಿಕಾರಿ ನೇರವಾಗಿ ಗೇಟಿಗೆ ಬರುವುದುಂಟು. ವೀಸಾ ಮುಗಿದಿದೆ ಎಂಬ ಅನುಮಾನ, ವಿಳಾಸದ ಪರಿಶೀಲನೆ, ಒಮ್ಮೊಮ್ಮೆ ಸರ್ಕಾರದ ಸಾಮೂಹಿಕ ಆದೇಶ ಇದಕ್ಕೆ ಕಾರಣವಾಗಬಹುದು. ಪಹಲ್ಗಾಮ್ ದಾಳಿಯ ಬಳಿಕ 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನೀಯರ ವೀಸಾಗಳನ್ನು ರದ್ದುಮಾಡಿದಾಗ ವಿದ್ಯಾರ್ಥಿ ವೀಸಾವೂ ಆ ಪಟ್ಟಿಯಲ್ಲಿತ್ತು. ಹಾಗೆ ಬರುವವರು ನೋಂದಣಿ ಕಚೇರಿಯವರಾಗಿರಬಹುದು, ಹೆಚ್ಚಿನ ಸಲ ಸ್ಥಳೀಯ ಠಾಣೆಯ ಪೊಲೀಸರು.

ಆಗ ಅಮೆರಿಕದ ಮಾದರಿಯಲ್ಲಿ 'ವಾರಂಟ್ ತೋರಿಸಿ' ಎಂದರೆ ಸಾಕೇ? ಸಾಲದು. ನಮ್ಮ ಹೊಸ ಕಾಯ್ದೆಯ ಪ್ರಕಾರ ಹೆಡ್ ಕಾನ್‌ಸ್ಟೆಬಲ್ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿ, ಕಾಯ್ದೆಯನ್ನು ಮೀರಿದವರನ್ನು ವಾರಂಟ್ ಇಲ್ಲದೆಯೇ ಬಂಧಿಸಬಹುದು. ತಾನು ವಿದೇಶಿಯಲ್ಲ ಎಂದು ತೋರಿಸುವ ಹೊಣೆ 1946ರ ಕಾಯ್ದೆಯಲ್ಲಿದ್ದಂತೆ ಈಗಲೂ ಆ ವ್ಯಕ್ತಿಯ ಮೇಲೆಯೇ ಇದೆ. ಕ್ಯಾಂಪಸ್ಸಿಗೆ ಪೊಲೀಸರು ಬರಬೇಕಾದರೆ ಕುಲಪತಿಯ ಅನುಮತಿ ಬೇಕೆಂಬುದು ಒಳ್ಳೆಯ ವಾಡಿಕೆ, ಕಾನೂನಿನ ಕಡ್ಡಾಯವಲ್ಲ. 2019ರ ಡಿಸೆಂಬರ್ 15ರಂದು ದೆಹಲಿಯ ಜಾಮಿಯಾ ಮಿಲಿಯಾದಲ್ಲಿ ಪೊಲೀಸರು ಅನುಮತಿಯಿಲ್ಲದೆ ಒಳನುಗ್ಗಿದಾಗ ಆ ವಾಡಿಕೆ ಎಷ್ಟು ತೆಳು ಎಂಬುದು ಎಲ್ಲರಿಗೂ ಗೊತ್ತಾಯಿತು. ವಿದೇಶಿಯನ್ನು ಹೊರಹಾಕುವ ವಿಷಯದಲ್ಲಿ ಸರ್ಕಾರಕ್ಕೆ ಬಹಳ ದೊಡ್ಡ ಅಧಿಕಾರವಿದೆ ಎಂದು ಸುಪ್ರೀಂ ಕೋರ್ಟ್ 1955ರ ಹಾನ್ಸ್ ಮುಲ್ಲರ್ ಪ್ರಕರಣದಲ್ಲೇ ಹೇಳಿದೆ. ಭಾರತದಲ್ಲಿ ನೆಲೆಸುವ ಹಕ್ಕು ನಾಗರಿಕರಿಗೆ ಮಾತ್ರ ಎಂಬುದು 1991ರಲ್ಲಿ ಮತ್ತೊಮ್ಮೆ ಸ್ಪಷ್ಟವಾಯಿತು.

ಹಾಗಾದರೆ ಕಾಲೇಜಿನ ಕೈಯಲ್ಲಿ ಏನೂ ಇಲ್ಲವೇ? ಇದೆ, ಸಾಕಷ್ಟಿದೆ. ಅದು ಇರುವುದು ಗೇಟಿನ ಬಳಿಯಲ್ಲಲ್ಲ, ಗೇಟು ದಾಟಿದ ಮೇಲೆ ಏನೇನು ನಡೆಯುತ್ತದೆ ಎಂಬುದರಲ್ಲಿ. ನಮ್ಮ ಸಂವಿಧಾನದ 14ನೇ ಮತ್ತು 21ನೇ ವಿಧಿಗಳು ಬರೀ ನಾಗರಿಕರಿಗಲ್ಲ, ಈ ನೆಲದ ಮೇಲಿರುವ ಪ್ರತಿ ವ್ಯಕ್ತಿಗೂ ಅನ್ವಯಿಸುತ್ತವೆ. ಬಂಧಿಸಿದವರಿಗೆ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎನ್ನುವ 22ನೇ ವಿಧಿಯ ರಕ್ಷಣೆ ಕೂಡ, ಶತ್ರು ದೇಶದ ಪ್ರಜೆಯನ್ನು ಬಿಟ್ಟರೆ, ವಿದೇಶಿಗೂ ಉಂಟು. ಇದಕ್ಕೆ ಇತ್ತೀಚೆಗೆ ಹೊಸ ಬಲ ಬಂದದ್ದು ಮುಂಬೈಯದೇ ಒಂದು ಪ್ರಕರಣದಿಂದ. 2024ರ ಜುಲೈಯಲ್ಲಿ ವರ್ಲಿಯಲ್ಲಿ ಕಾರು ಹಾಯ್ದು ಮಹಿಳೆಯೊಬ್ಬರು ತೀರಿಕೊಂಡ ಪ್ರಕರಣದಲ್ಲಿ ಬಂಧನದ ಬಗ್ಗೆ ಎದ್ದ ತಕರಾರು ಸುಪ್ರೀಂ ಕೋರ್ಟಿಗೆ ಹೋಯಿತು. ಯಾವ ಅಪರಾಧವೇ ಇರಲಿ, ಬಂಧನದ ಕಾರಣವನ್ನು ಬರವಣಿಗೆಯಲ್ಲಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು ಎಂದು 2025ರ ನವೆಂಬರ್ 6ರಂದು ಕೋರ್ಟ್ ತೀರ್ಪು ಕೊಟ್ಟಿತು. ಮರಾಠಿಯೂ ಹಿಂದಿಯೂ ಬಾರದ ಹಾಸ್ಟೆಲ್ ವಿದ್ಯಾರ್ಥಿಯನ್ನು ಠಾಣೆಗೆ ಕರೆದೊಯ್ದಾಗ ಈ ತೀರ್ಪಿನ ಬೆಲೆ ಎಷ್ಟೆಂದು ಊಹಿಸಬಹುದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಕಾಲೇಜಿಗೆ ಉಪಯೋಗಕ್ಕೆ ಬರುವ ಮಾತುಗಳಿವೆ. ಶೋಧ ನಡೆಸುವಾಗ ಧ್ವನಿ ಮತ್ತು ದೃಶ್ಯ ದಾಖಲಿಸಬೇಕು. ದಾಖಲೆ ಬೇಕಿದ್ದರೆ ಠಾಣಾಧಿಕಾರಿ ಲಿಖಿತ ಆದೇಶ ಕೊಟ್ಟು ಕೇಳಬೇಕು. ವಿಶೇಷ ಸಂದರ್ಭ ಬಿಟ್ಟರೆ ಹೆಂಗಸರನ್ನು ಸೂರ್ಯಾಸ್ತದಿಂದ ಸೂರ್ಯೋದಯದ ತನಕ ಬಂಧಿಸುವಂತಿಲ್ಲ. ಬಂಧಿತರು ಹೇಳಿದ ಬಂಧುವಿಗೋ ಗೆಳೆಯರಿಗೋ ಸುದ್ದಿ ಮುಟ್ಟಿಸಬೇಕು. ಈ ಕೊನೆಯದು ಪರದೇಶದ ವಿದ್ಯಾರ್ಥಿಗೆ ತುಂಬ ಮುಖ್ಯ. ಅವನ ಬಂಧುಗಳೆಲ್ಲ ಸಾವಿರಾರು ಮೈಲಿ ದೂರದಲ್ಲಿದ್ದಾರೆ. ಅವನು ಹೇಳಬಹುದಾದ ಹೆಸರು ವಾರ್ಡನ್‌ದು ಅಥವಾ ಪಕ್ಕದ ಕೋಣೆಯ ಗೆಳೆಯನದು. ಆ ಹೆಸರು ಹೇಳಬಹುದು ಎಂಬುದು ಅವನಿಗೆ ಗೊತ್ತಿರಬೇಕು. ಇದರ ಜೊತೆಗೆ 1963ರ ವಿಯೆನ್ನಾ ಒಪ್ಪಂದದ ಪ್ರಕಾರ ತನ್ನ ದೇಶದ ದೂತಾವಾಸಕ್ಕೆ ತಿಳಿಸಿ ಎಂದು ಬಂಧಿತ ವಿದೇಶಿ ಕೇಳಬಹುದು. ಮುಂಬೈಯಲ್ಲಿ ಹಲವು ದೇಶಗಳ ಕಾನ್ಸುಲೇಟ್‌ಗಳಿರುವುದರಿಂದ ಇಲ್ಲಿ ಅದು ದೂರದ ಮಾತಲ್ಲ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಡಿ ಪೊಲೀಸ್ ವಶದಲ್ಲಿರುವ ಯಾರಿಗೂ ಉಚಿತ ನೆರವು ಸಿಗುತ್ತದೆ, ಪಾಸ್‌ಪೋರ್ಟ್ ಯಾವ ದೇಶದ್ದೆಂದು ಅಲ್ಲಿ ನೋಡುವುದಿಲ್ಲ.

ಕ್ಯಾಂಪಸ್ ಎಂದರೆ ವಿದ್ಯಾರ್ಥಿಗಳು ಮಾತ್ರವಲ್ಲ ಎಂಬುದನ್ನು ಇಲ್ಲಿ ಹೇಳದೆ ಹೋದರೆ ತಪ್ಪಾಗುತ್ತದೆ. ಹೊಸ ಕಟ್ಟಡ ಕಟ್ಟುವವರು, ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವವರು, ಗುತ್ತಿಗೆಯ ಸ್ವಚ್ಛತಾ ಸಿಬ್ಬಂದಿ ಇವರ ವಿಚಾರಣೆಗೂ ಪೊಲೀಸರು ಬರಬಹುದು. ಕಾಲೇಜಿನ ಯಾವ ಕಡತದಲ್ಲೂ ಇವರ ಹೆಸರಿರುವುದಿಲ್ಲ, ಗುತ್ತಿಗೆದಾರನ ಪುಸ್ತಕದಲ್ಲಿದ್ದರೆ ಅದೇ ಹೆಚ್ಚು. 2025ರ ಜೂನ್‌ನಲ್ಲಿ ಮುಂಬೈ ಭಾಗದಲ್ಲಿ ಹಿಡಿದ ಪಶ್ಚಿಮ ಬಂಗಾಳದ ಕೆಲವು ಕಾರ್ಮಿಕರನ್ನು ಬಾಂಗ್ಲಾದೇಶೀಯರೆಂದು ಗಡಿಯಾಚೆ ಕಳಿಸಿ, ಅವರು ಭಾರತೀಯರೇ ಎಂದು ತಿಳಿದ ಮೇಲೆ ವಾಪಸು ಕರೆತರಬೇಕಾಯಿತು. ಆಡುವ ಬಂಗಾಳಿ ಎರಡೂ ಕಡೆಯದು, ಗುರುತಿನ ಚೀಟಿ ಊರಿನ ಮನೆಯಲ್ಲಿ. ಇಂಥವರ ಪರವಾಗಿ 'ಇವರು ನಮ್ಮಲ್ಲಿ ಇಷ್ಟು ತಿಂಗಳಿಂದ ಕೆಲಸ ಮಾಡುತ್ತಿದ್ದಾರೆ, ಇವರ ದಾಖಲೆ ಇಲ್ಲಿದೆ' ಎಂದು ಹೇಳಬಲ್ಲ ಒಬ್ಬರು ಸಂಸ್ಥೆಯಲ್ಲಿದ್ದರೆ ತಪ್ಪು ಅಲ್ಲೇ ತಿದ್ದಿಕೊಳ್ಳುತ್ತದೆ.

ಆ ಒಬ್ಬರು ಯಾರು ಎಂಬುದೇ ನಮ್ಮಲ್ಲಿ ಸಾಮಾನ್ಯವಾಗಿ ತೀರ್ಮಾನವಾಗಿರುವುದಿಲ್ಲ. ಅಂಧೇರಿ ಪಶ್ಚಿಮದ ಮುನ್ಶಿ ನಗರದ ಭವನ್ಸ್ ಆವರಣವನ್ನೇ ನೋಡಿ. ಒಂದೇ ಆವರಣದಲ್ಲಿ ಭವನ್ಸ್ ಕಾಲೇಜು, ಸರ್ದಾರ್ ಪಟೇಲ್ ಹೆಸರಿನ ಎಂಜಿನಿಯರಿಂಗ್ ಸಂಸ್ಥೆಗಳು, ಎಸ್.ಪಿ. ಜೈನ್ ಮ್ಯಾನೇಜ್‌ಮೆಂಟ್ ಸಂಸ್ಥೆ, ಒಂದು ಶಾಲೆ ಕೂಡ ಇವೆ. ಇಂಥ ಆವರಣ ಮುಂಬೈಯಲ್ಲಿ ಬೇಕಾದಷ್ಟಿವೆ, ಏಕೆಂದರೆ ಇಲ್ಲಿ ಜಾಗ ದುಬಾರಿ. ಇಂಥ ಕಡೆ ಸಂಜೆ ಏಳಕ್ಕೆ ಪೊಲೀಸ್ ಜೀಪು ಬಂದು ನಿಂತರೆ ಉತ್ತರ ಕೊಡಬೇಕಾದವರು ಯಾವ ಸಂಸ್ಥೆಯ ಪ್ರಾಂಶುಪಾಲರು? ಟ್ರಸ್ಟಿನವರೇ? ಸೆಕ್ಯುರಿಟಿ ಏಜೆನ್ಸಿಯ ಸೂಪರ್‌ವೈಸರನೇ? ಇದಕ್ಕೆ ಉತ್ತರ ಮೊದಲೇ ಬರೆದಿಡದಿದ್ದರೆ, ಹನ್ನೆರಡು ಗಂಟೆಯ ಪಾಳಿಯಲ್ಲಿ ನಿಂತ ವಾಚ್‌ಮನ್ನೇ ಆ ಕ್ಷಣದಲ್ಲಿ ಕಾಲೇಜಿನ ಪರವಾಗಿ ತೀರ್ಮಾನ ಮಾಡಬೇಕಾಗುತ್ತದೆ. ಸಮವಸ್ತ್ರ ಕಂಡೊಡನೆ ಅವನು ಗೇಟು ತೆರೆದು ಹಾಸ್ಟೆಲ್ ಕಡೆ ಕೈ ತೋರಿಸಿದರೆ ಅವನನ್ನು ದೂರುವಂತಿಲ್ಲ.

ನನ್ನ ಅಭಿಪ್ರಾಯ ಇಷ್ಟು. ಪೊಲೀಸರನ್ನು ತಡೆಯುವುದು ಕಾಲೇಜಿನ ಕೆಲಸವಲ್ಲ. ಅವಧಿ ಮೀರಿ ಉಳಿದವರನ್ನು ಪತ್ತೆಹಚ್ಚುವುದು ಸರ್ಕಾರದ ನ್ಯಾಯವಾದ ಅಧಿಕಾರ, ಅದಕ್ಕೆ ಸುಳ್ಳು ಹೇಳಿ ಅಡ್ಡಿ ಮಾಡುವುದು ತಪ್ಪು. ಆದರೆ ತನ್ನ ಆವರಣದೊಳಗೆ ಕಾನೂನು ಹೇಳಿದ ಕ್ರಮದಲ್ಲೇ ಕೆಲಸ ನಡೆಯುವಂತೆ ನೋಡಿಕೊಳ್ಳುವುದು ಕಾಲೇಜಿನ ಹೊಣೆ. ಇದಕ್ಕೆ ದೊಡ್ಡ ಸಮಿತಿ ಬೇಡ, ಒಂದು ಪುಟದ ಲಿಖಿತ ಕ್ರಮ ಸಾಕು. ಅಧಿಕಾರಿ ಬಂದರೆ ಗುರುತಿನ ಚೀಟಿ ನೋಡಿ, ಹೆಸರು, ಹುದ್ದೆ, ಠಾಣೆ, ಬಂದ ಕಾರಣ, ಸಮಯ ಇಷ್ಟನ್ನು ಗೇಟಿನ ರಿಜಿಸ್ಟರಿನಲ್ಲಿ ಬರೆಸಬೇಕು. ಅವರನ್ನು ಆಫೀಸಿನಲ್ಲಿ ಕೂರಿಸಿ ನಿಯೋಜಿತ ಅಧಿಕಾರಿಗೆ ಫೋನ್ ಮಾಡಬೇಕು. ದಾಖಲೆ ಕೇಳಿದರೆ ಬರವಣಿಗೆಯಲ್ಲಿ ಕೇಳುವಂತೆ ವಿನಂತಿಸಬೇಕು, ಕೇಳಿದಷ್ಟನ್ನೇ ಕೊಡಬೇಕು. ಕಾನೂನು ಬಾಹಿರವಾಗದ ಮಟ್ಟಿಗೆ ವಿದ್ಯಾರ್ಥಿಗೆ ತಿಳಿಸಿ, ಮಾತುಕತೆಯ ವೇಳೆ ಅಧ್ಯಾಪಕರೊಬ್ಬರು ಜೊತೆಗಿರಬೇಕು. ಕರೆದೊಯ್ದರೆ ಯಾವ ಠಾಣೆಗೆ ಎಂದು ಕೇಳಿ ಹಿಂದೆಯೇ ಒಬ್ಬರು ಹೋಗಬೇಕು. ಈ ಪುಟವನ್ನು ಮರಾಠಿ ಮತ್ತು ಹಿಂದಿಯಲ್ಲಿ ಗೇಟಿನ ಕೋಣೆಯ ಗೋಡೆಗೆ ಅಂಟಿಸಬೇಕು. ಅದರಲ್ಲಿರುವ ಫೋನ್ ನಂಬರು ರಾತ್ರಿ ಹನ್ನೊಂದಕ್ಕೂ ಎತ್ತಿಕೊಳ್ಳುವವರದಾಗಿರಬೇಕು, ಆಫೀಸಿನ ಲ್ಯಾಂಡ್‌ಲೈನ್ ಬರೆದಿಟ್ಟರೆ ಪ್ರಯೋಜನವಿಲ್ಲ.

ಇದಕ್ಕಿಂತ ಮುಖ್ಯವೆಂದು ನನಗೆ ಕಾಣುವುದು ಮಾಹಿತಿಯ ವಿಷಯ. ಕಾಲೇಜು ತನ್ನ ವಿದ್ಯಾರ್ಥಿಯ ಬಗ್ಗೆ ಸರ್ಕಾರಕ್ಕೆ ಏನು ಕಳಿಸುತ್ತಿದೆ ಎಂಬುದನ್ನು ಆ ವಿದ್ಯಾರ್ಥಿಗೂ ತೋರಿಸಬೇಕು. ಜ್ವರ ಬಂದು ಎರಡು ವಾರ ತರಗತಿಗೆ ಬರದವನ ಹಾಜರಿ 'ಗೈರು' ಎಂದಷ್ಟೇ ಹೋದರೆ, ಹಾಸ್ಟೆಲಿನಿಂದ ಮರೋಲಿನ ಫ್ಲ್ಯಾಟಿಗೆ ಹೋದವನ ವಿಳಾಸ ಹಳೆಯದೇ ಉಳಿದರೆ, ನಡವಳಿಕೆಯ ಅಂಕಣದಲ್ಲಿ ಯಾರೋ ಬೇಸರದಲ್ಲಿ ಒಂದು ಮಾತು ಬರೆದರೆ, ಅದರ ಫಲ ಅನುಭವಿಸುವವನು ಅವನು. ಕಳಿಸುವ ಮುಂಚೆ ಒಂದು ಪ್ರತಿ ಅವನ ಕೈಗೆ ಕೊಟ್ಟರೆ ಇಂಥ ಎಷ್ಟೋ ತಪ್ಪು ಅಲ್ಲೇ ಸರಿಹೋಗುತ್ತದೆ. ವೀಸಾ ಮುಗಿಯಲು ಎರಡು ತಿಂಗಳಿರುವಾಗ ನೆನಪಿಸುವ ಒಂದು ಇ-ಮೇಲ್, ವಿಸ್ತರಣೆಗೆ ಬೇಕಾದ ಬೋನಫೈಡನ್ನು ವಾರಗಟ್ಟಲೆ ಕಾಯಿಸದೆ ಕೊಡುವ ಗುಮಾಸ್ತೆ, ಇಷ್ಟಿದ್ದರೆ ಅಧಿಕಾರಿ ಗೇಟಿಗೆ ಬರುವ ಪ್ರಸಂಗಗಳೇ ಕಡಿಮೆಯಾಗುತ್ತವೆ.

ಮುಂಬೈಯ ಕಾಲೇಜುಗಳಲ್ಲಿ ಹೊಸ ವರ್ಷ ಶುರುವಾಗುವುದು ಜೂನ್, ಜುಲೈಯಲ್ಲಿ. ಪರದೇಶದ ಹುಡುಗ ಹುಡುಗಿಯರು ಮಳೆಯಲ್ಲೇ ಸಹಾರಿನಲ್ಲಿ ಇಳಿಯುತ್ತಾರೆ, ಅವರ 14 ದಿನದ ಗಡುವು ಅಂದಿನಿಂದಲೇ ಓಡತೊಡಗುತ್ತದೆ. ಮೊದಲ ದಿನ ಅವರಿಗೆ ಲೈಬ್ರರಿ ಕಾರ್ಡು, ಹಾಸ್ಟೆಲ್ ನಿಯಮಗಳ ಪಟ್ಟಿ ಕೊಡುವಾಗಲೇ ಆ ಒಂದು ಪುಟವನ್ನೂ ಕೊಟ್ಟು, ಅದರಲ್ಲಿರುವ ಫೋನ್ ನಂಬರಿನವರನ್ನು ಎದುರಿಗೆ ಕರೆದು ಪರಿಚಯ ಮಾಡಿಸಬೇಕು.